ಕಿರಿದಾದ ರಕ್ತನಾಳಕ್ಕೆ ಲೇಸರ್: ಯಾವಾಗ ಬೇಕು, ಯಾವಾಗ ಬೇರೆ ದಾರಿ ವಾಸಿ

ಹೃದಯದ ಮುಚ್ಚಿದ ನಾಳವನ್ನು ಎಕ್ಸ್‌ರೇಯಲ್ಲಿ ನೋಡುತ್ತಾ ತೆರೆಯುವ ಕೋಣೆಗೆ ಕ್ಯಾತ್ ಲ್ಯಾಬ್ ಅನ್ನುತ್ತಾರೆ. ಅದರ ಬಾಗಿಲ ಹೊರಗೆ ಒಂದು ಪ್ರಶ್ನೆ ನನಗೆ ಪದೇ ಪದೇ ಎದುರಾಗುತ್ತದೆ. "ಸರ್, ಲೇಸರ್ ಹಾಕಿದ್ರೆ ಸ್ಟೆಂಟ್ ಬೇಡ ಅಲ್ವಾ?" ಕೇಳುವವರು ಮಗನೋ ಅಳಿಯನೋ ಆಗಿರುತ್ತಾರೆ. ಕೈಯಲ್ಲಿರುವ ಫೋನಿನಲ್ಲಿ ಒಂದು ವಿಡಿಯೋ ಓಡುತ್ತಿರುತ್ತದೆ. ಕೆಂಪು ಬೆಳಕು ನಾಳದೊಳಗೆ ಹೋಗುತ್ತದೆ, ಹಳದಿ ಕೊಬ್ಬು ಕರಗಿ ಮಾಯವಾಗುತ್ತದೆ, ರಕ್ತ ಸರಾಗವಾಗಿ ಹರಿಯುತ್ತದೆ. ಅಪ್ಪನನ್ನು ಒಳಗೆ ಮಲಗಿಸಿ ಹೊರಗೆ ಕಾಯುತ್ತಿರುವವರಿಗೆ ಅದನ್ನು ನೋಡಿ ಆಸೆ ಹುಟ್ಟುವುದು ಸಹಜ.

ನಾನು ಡಾಕ್ಟರ್ ಅಲ್ಲ, ಕ್ಯಾತ್ ಲ್ಯಾಬ್ ಟೆಕ್ನಿಷಿಯನ್. ನಾಳವನ್ನು ಒಳಗಿಂದ ಹಿಗ್ಗಿಸುವ ಬಲೂನ್, ಅದು ಮತ್ತೆ ಮುಚ್ಚದಂತೆ ಒಳಗೇ ಬಿಡುವ ಲೋಹದ ಜಾಲರಿ ಅಂದರೆ ಸ್ಟೆಂಟ್, ಗಟ್ಟಿ ಪದರ ಕೊರೆಯುವ ಡ್ರಿಲ್, ಲೇಸರ್ ಎಲ್ಲದರ ಪೊಟ್ಟಣ ಬಿಚ್ಚಿ ಡಾಕ್ಟರ ಕೈಗೆ ಕೊಡುವವನು. ಬಾಗಿಲ ಹೊರಗೆ ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹೃದಯದ ನಾಳದಲ್ಲಿ ಲೇಸರ್ ಸ್ಟೆಂಟಿಗೆ ಬದಲಿ ಅಲ್ಲ. ಹೆಚ್ಚಿನ ಸಲ ಅದು ಸ್ಟೆಂಟಿಗೋ ಬಲೂನಿಗೋ ದಾರಿ ಮಾಡಿಕೊಡುವ ಸಾಧನ. ಹಾಗಾಗಿ "ಲೇಸರ್ ಒಳ್ಳೇದಾ, ಸ್ಟೆಂಟ್ ಒಳ್ಳೇದಾ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. "ನಮ್ಮ ನಾಳದೊಳಗೆ ಕೂತಿರುವುದು ಏನು?" ಎಂದು ಕೇಳಿ. ಮೆತ್ತನೆ ಕೊಬ್ಬೋ, ಸುಣ್ಣದ ಹಾಗೆ ಗಟ್ಟಿಯಾದ ಕ್ಯಾಲ್ಸಿಯಂ ಪದರವೋ, ಹೆಪ್ಪುಗಟ್ಟಿದ ರಕ್ತವೋ, ಹಳೆಯ ಸ್ಟೆಂಟೋ, ಅಥವಾ ಏನೂ ಇಲ್ಲದೆ ನಾಳವೇ ಬಿಗಿದುಕೊಂಡಿದೆಯೋ? ಯಾವ ಸಾಧನ ಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ಲೇಸರ್ ಅಂದರೆ ಯಾವ ಲೇಸರ್?

ನಮ್ಮ ಊರುಗಳಲ್ಲಿ "ರಕ್ತನಾಳಕ್ಕೆ ಲೇಸರ್" ಅಂದರೆ ಹೆಚ್ಚು ಜನ ಕೇಳಿರುವುದು ಕಾಲಿನ ಉಬ್ಬಿದ ನರಗಳ ಚಿಕಿತ್ಸೆ, ವೆರಿಕೋಸ್ ವೇನ್ಸ್. ಅದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಕೆಟ್ಟುಹೋದ ನಾಳದ ಗೋಡೆಯನ್ನು ಲೇಸರ್ ಶಾಖದಿಂದ ಸುಟ್ಟು ಮುಚ್ಚಿಬಿಡುತ್ತಾರೆ. ಪಕ್ಕದ ಮನೆಯವರಿಗೆ ಕಾಲಿಗೆ ಲೇಸರ್ ಮಾಡಿಸಿ ವಾಸಿಯಾಯಿತು ಅಂತ ನಿಮ್ಮ ಹೃದಯದ ಬ್ಲಾಕಿಗೂ ಅದನ್ನೇ ಕೇಳುವಂತಿಲ್ಲ. ಹೆಸರು ಒಂದೇ, ಕೆಲಸ ಬೇರೆ.

ಇನ್ನೊಂದಿದೆ. ಹೃದಯದ ಸ್ನಾಯುವಿನಲ್ಲೇ ಲೇಸರಿನಿಂದ ಸಣ್ಣ ಸಣ್ಣ ತೂತು ಕೊರೆಯುವ ಚಿಕಿತ್ಸೆ. ಬೈಪಾಸ್ ಕೂಡ ಆಗದ, ಎದೆನೋವು ನಿಲ್ಲದ ರೋಗಿಗಳಿಗಾಗಿ 1998ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಅದು ನಾಳವನ್ನು ಅಗಲ ಮಾಡುವುದಿಲ್ಲ. ಇವತ್ತು ತುಂಬಾ ಅಪರೂಪ.

ಆಮೇಲೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಲೇಸರ್ ವಾಚ್. ಕೆಂಪು ಬೆಳಕು ರಕ್ತವನ್ನು ತೆಳ್ಳಗೆ ಮಾಡುತ್ತದೆ, ಬ್ಲಾಕ್ ಕರಗಿಸುತ್ತದೆ ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರೆ. ದಯವಿಟ್ಟು ಇದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. ಕೆಂಪು ಬೆಳಕು ಚರ್ಮದೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಹೃದಯದ ನಾಳ ಎದೆಗೂಡಿನ ಒಳಗಿದೆ. ಮಣಿಕಟ್ಟಿನ ಬೆಳಕು ಅಲ್ಲಿಗೆ ಮುಟ್ಟುವುದೇ ಇಲ್ಲ.

ನಾಳ ಬಿಗಿದುಕೊಂಡಿದ್ದರೆ

ಬೆಳಕು ರಕ್ತನಾಳವನ್ನು ಸಡಿಲಿಸುತ್ತದೆ ಅನ್ನುವ ಮಾತು ಸುಳ್ಳಲ್ಲ. ಅದರ ಹಿಂದೆ ಒಳ್ಳೆಯ ವಿಜ್ಞಾನವೇ ಇದೆ. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ 1950ರ ದಶಕದಲ್ಲಿ ಮೊಲದ ಮಹಾಧಮನಿಯ ಪಟ್ಟಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಬಿಗಿದುಕೊಂಡಿದ್ದ ಪಟ್ಟಿಯ ಮೇಲೆ ಬೆಳಕು ಬಿದ್ದರೆ ಅದು ಸಡಿಲವಾಗುತ್ತಿತ್ತು, ಬೆಳಕು ತೆಗೆದರೆ ಮತ್ತೆ ಬಿಗಿಯುತ್ತಿತ್ತು. ಅತಿನೇರಳೆಯ ಕಡೆಯ ಬೆಳಕಿಗೆ ಈ ಗುಣ ಜಾಸ್ತಿ. ನಾಳದ ಗೋಡೆ ಸಡಿಲವಾಗುವುದರ ಹಿಂದೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಕೈವಾಡ ಇದೆ ಅನ್ನುವುದು ಎಷ್ಟೋ ವರ್ಷಗಳ ನಂತರ ತಿಳಿಯಿತು. 1998ರ ವೈದ್ಯಕೀಯ ನೊಬೆಲ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ, ಫೆರಿಡ್ ಮುರಾದ್ ಮೂವರಿಗೂ ಸಿಕ್ಕಿದ್ದು ಈ ಅನಿಲದ ಕೆಲಸವನ್ನು ಕಂಡುಹಿಡಿದದ್ದಕ್ಕೆ.

ಮಿದುಳಿನ ಸುತ್ತ ರಕ್ತಸ್ರಾವವಾದಾಗ ಕೆಲವು ದಿನಗಳ ನಂತರ ಅಲ್ಲಿಯ ನಾಳಗಳು ಸೆಟೆದುಕೊಳ್ಳುತ್ತವೆ. ಅವನ್ನು ಲೇಸರ್ ಬೆಳಕಿನಿಂದ ಸಡಿಲಿಸಬಹುದೇ ಎಂದು ಪ್ರಾಣಿಗಳ ಮೇಲೆ ಪ್ರಯೋಗ ನಡೆದಿದೆ. ಆದರೆ ಅದು ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಅಲ್ಲಿ ಇವತ್ತಿಗೂ ಕೊಡುವುದು ನಿಮೋಡಿಪಿನ್ ಮಾತ್ರೆ. ತೀರಾ ಕಷ್ಟವಾದರೆ ನಾಳದೊಳಗೇ ಔಷಧ ಬಿಡುವುದು, ಇಲ್ಲವೇ ಬಲೂನ್.

ಹೃದಯದ ನಾಳ ಸೆಟೆದುಕೊಂಡರೂ ಹಾಗೆಯೇ. ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಎಷ್ಟೋ ಮನೆಗಳಲ್ಲಿದೆ, ಅಲ್ವಾ? ಅದು ದೇಹದಲ್ಲಿ ಬಿಡುಗಡೆ ಮಾಡುವುದೂ ಅದೇ ನೈಟ್ರಿಕ್ ಆಕ್ಸೈಡನ್ನು. ಆಂಜಿಯೋಗ್ರಾಮ್ ಮಾಡುವಾಗ ನಾಳ ಎಲ್ಲೋ ಕಿರಿದಾಗಿ ಕಂಡರೆ, ಅನುಮಾನ ಬಂದಾಗ ಡಾಕ್ಟರು ನಾಳ ಸಡಿಲಿಸುವ ನೈಟ್ರೋಗ್ಲಿಸರಿನ್ ಔಷಧ ಬಿಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ. ನೂರರಲ್ಲಿ ಎಪ್ಪತ್ತು ಭಾಗ ಮುಚ್ಚಿದೆ ಅನ್ನಿಸಿದ್ದ ಜಾಗ ಕಣ್ಣೆದುರೇ ಅರಳಿ ನಿಂತದ್ದನ್ನು ನಾನು ನೋಡಿದ್ದೇನೆ. ಅಂಥವರಿಗೆ ಲೇಸರೂ ಬೇಡ, ಸಾಮಾನ್ಯವಾಗಿ ಸ್ಟೆಂಟೂ ಬೇಡ. ಮಾತ್ರೆ ಸಾಕು, ಸಿಗರೇಟು ಬಿಡಬೇಕು.

ಲೇಸರ್ ಒಳಗೆ ಏನು ಮಾಡುತ್ತದೆ

ಹೃದಯದ ನಾಳಕ್ಕೆ ಬಳಸುವುದು ಎಕ್ಸೈಮರ್ ಲೇಸರ್. ತರಂಗದ ಉದ್ದ 308 ನ್ಯಾನೋಮೀಟರ್, ಅಂದರೆ ಕಣ್ಣಿಗೆ ಕಾಣದ ಅತಿನೇರಳೆ. ವಿಡಿಯೋದ ಕೆಂಪು ಬೆಳಕು ಚಿತ್ರಕಾರರ ಕಲ್ಪನೆ. ಚರ್ಮದ ಆಸ್ಪತ್ರೆಗಳಲ್ಲಿ ತೊನ್ನಿಗೆ ಬಳಸುವ ಎಕ್ಸೈಮರ್ ಬೆಳಕೂ ಇದೇ 308.

ಈ ಜಾತಿಯ ಲೇಸರ್ ದೇಹಕ್ಕೆ ಬಂದ ಕಥೆಯಲ್ಲಿ ನಮ್ಮ ದೇಶದ ಒಬ್ಬರಿದ್ದಾರೆ. ಮದ್ರಾಸಿನಲ್ಲಿ ಓದಿ ಅಮೆರಿಕದ ಐಬಿಎಂ ಪ್ರಯೋಗಾಲಯ ಸೇರಿದ ರಂಗಸ್ವಾಮಿ ಶ್ರೀನಿವಾಸನ್. 1981ರ ನವೆಂಬರ್‌ನಲ್ಲಿ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ತಂದು ಅದರ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. ಅಂಚು ಕರಕಲಾಗದೆ ಗೆರೆ ಕೊಯ್ದ ಹಾಗೆ ಕತ್ತರಿಸಿತು. ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಅವರ ಜೊತೆ ಸೇರಿ ಮಾಡಿದ ಆ ಕೆಲಸದಿಂದಲೇ ಕನ್ನಡಕ ಬಿಡಿಸುವ ಕಣ್ಣಿನ ಲೇಸಿಕ್ ಬಂತು. ಆ ಲೇಸರಿನ ತರಂಗ 193 ನ್ಯಾನೋಮೀಟರ್, ಆದರೆ ಸುಡದೆ ಕತ್ತರಿಸುವ ಗುಣ ಎರಡರದ್ದೂ ಒಂದೇ.

ಈ ಗುಣ ಯಾಕೆ ಅಷ್ಟು ಮುಖ್ಯ ಗೊತ್ತಾ? 1980ರ ದಶಕದಲ್ಲಿ ಸತತವಾಗಿ ಉರಿಯುವ ಬಿಸಿ ಲೇಸರುಗಳನ್ನು ನಾಳದಲ್ಲಿ ಬಳಸಿ ನೋಡಿದ್ದರು. ಕೊಬ್ಬಿನ ಜೊತೆ ನಾಳದ ಗೋಡೆಯೂ ಬೆಂದುಹೋಗುತ್ತಿತ್ತು, ತೂತಾಗುತ್ತಿತ್ತು. ಎಕ್ಸೈಮರ್ ಹಾಗಲ್ಲ. ಸೆಕೆಂಡಿಗೆ 25ರಿಂದ 80 ಸಲ, ಒಂದೊಂದು ಸಲವೂ ಸೆಕೆಂಡಿನ ಕೋಟಿಯಲ್ಲೊಂದು ಭಾಗದ ಆಸುಪಾಸು ಮಾತ್ರ ಮಿಂಚುತ್ತದೆ. ಶಾಖ ಸುತ್ತ ಹರಡಲು ಹೊತ್ತೇ ಸಿಗುವುದಿಲ್ಲ. ಬೆಳಕು ಇಳಿಯುವ ಆಳ ಸುಮಾರು 50 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಬೆಳಕು ತಾಗಿದ ಕಡೆ ಅಣುಗಳ ಕೊಂಡಿ ಕಳಚುತ್ತದೆ, ಅಲ್ಲಿಯ ನೀರು ಆವಿಯಾಗಿ ಪುಟ್ಟ ಗುಳ್ಳೆ ಎದ್ದು ಒಡೆಯುತ್ತದೆ, ಆ ಪೆಟ್ಟಿಗೆ ಅಡ್ಡಿ ಸಡಿಲವಾಗುತ್ತದೆ. ಉದುರುವ ಚೂರುಗಳಲ್ಲಿ ಹೆಚ್ಚಿನವು ರಕ್ತಕಣದಷ್ಟು ಸಣ್ಣವು.

ಕೆಲಸದ ದಿನ ಲ್ಯಾಬಿನಲ್ಲಿ ಹೀಗಿರುತ್ತದೆ. ಯಂತ್ರವನ್ನು ಕೆಲವು ನಿಮಿಷ ಮೊದಲೇ ಬಿಸಿಯಾಗಲು ಬಿಡುತ್ತೇವೆ. ರೋಗಿಯೂ ಸೇರಿ ಒಳಗಿರುವ ಎಲ್ಲರೂ ಬಣ್ಣದ ಕನ್ನಡಕ ಹಾಕಿಕೊಳ್ಳುತ್ತೇವೆ. ಗಾಜಿನ ಎಳೆಗಳ ಕಟ್ಟು ಇರುವ ಕ್ಯಾತಿಟರ್, ಅಂದರೆ ತೆಳು ಕೊಳವೆ, ನಾಳದೊಳಗೆ ಮೊದಲೇ ದಾಟಿಸಿದ ವೈರ್ ಮೇಲೆ ಜಾರಿ ಬ್ಲಾಕಿನ ಹತ್ತಿರ ಹೋಗುತ್ತದೆ. ಅತಿ ಸಣ್ಣದು 0.9 ಮಿಲಿಮೀಟರ್. ಆಮೇಲೆ ಸಲೈನ್ ಬಿಡುತ್ತೇವೆ. ರಕ್ತವಾಗಲಿ ಎಕ್ಸ್‌ರೇಗೆ ಹಾಕುವ ಡೈ ಆಗಲಿ ಅಲ್ಲಿ ಉಳಿದಿದ್ದರೆ ಲೇಸರ್ ತಾಗಿ ಜೋರಾದ ಒತ್ತಡದ ಅಲೆ ಏಳುತ್ತದೆ, ನಾಳ ಸೀಳಬಹುದು. ಆದ್ದರಿಂದ ಸಲೈನ್ ಬಿಡುವ ಕೈಗೆ ಆ ಹೊತ್ತಿನಲ್ಲಿ ದೊಡ್ಡ ಜವಾಬ್ದಾರಿ. ಡಾಕ್ಟರು ಕಾಲಿನ ಪೆಡಲ್ ಒತ್ತಿ ಸೆಕೆಂಡಿಗೆ ಅರ್ಧ ಮಿಲಿಮೀಟರಿನಷ್ಟು ನಿಧಾನ ಮುಂದೆ ಸರಿಸುತ್ತಾರೆ. ಅವಸರ ಮಾಡಿದರೆ ಲೇಸರ್ ಕೊರೆಯುವುದಿಲ್ಲ, ಸುಮ್ನೆ ತಳ್ಳಿಕೊಂಡು ಹೋಗುತ್ತದೆ.

ಕೊನೆಗೆ ಸಿಗುವ ದಾರಿ ಒಂದು ಮಿಲಿಮೀಟರೋ ಎರಡೋ ಅಗಲದ್ದು. ಹೃದಯದ ದೊಡ್ಡ ನಾಳ ಮೂರು, ಮೂರೂವರೆ ಮಿಲಿಮೀಟರ್ ಇರುತ್ತದೆ. ಆದ್ದರಿಂದ ಲೇಸರ್ ಆದಮೇಲೂ ಬಲೂನ್ ಬೇಕು, ಸಾಮಾನ್ಯವಾಗಿ ಸ್ಟೆಂಟೂ ಬೇಕು. ಲೇಸರನ್ನು ಎಲ್ಲರಿಗೂ ಬಳಸಿ ನೋಡಿದ ಕಾಲವೂ ಇತ್ತು. 1992ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಮೇಲೆ ತುಂಬಾ ಉತ್ಸಾಹವಿತ್ತು. 1997ರಲ್ಲಿ ಬಂದ ಎರ್‌ಬ್ಯಾಕ್ ಅಧ್ಯಯನ ಲೇಸರ್, ಡ್ರಿಲ್, ಬರೀ ಬಲೂನ್ ಮೂರನ್ನೂ ಹೋಲಿಸಿತು. ಆರು ತಿಂಗಳಲ್ಲಿ ಅದೇ ಜಾಗಕ್ಕೆ ಮತ್ತೆ ಚಿಕಿತ್ಸೆ ಬೇಕಾದದ್ದು ಲೇಸರಿನವರಲ್ಲಿ ಶೇ. 46, ಡ್ರಿಲ್‌ನವರಲ್ಲಿ ಶೇ. 42, ಬಲೂನಿನವರಲ್ಲಿ ಶೇ. 32. ಅದು ಸ್ಟೆಂಟ್ ಎಲ್ಲರಿಗೂ ಸಿಗುವ ಮುಂಚಿನ ಕಾಲ. ಆದರೂ ಪಾಠ ಸ್ಪಷ್ಟವಾಗಿತ್ತು. ಎಲ್ಲ ಬ್ಲಾಕಿಗೂ ಲೇಸರ್ ಹಾಕಿದರೆ ಲಾಭವಿಲ್ಲ. ಅದು ಬೇಕಾದ ಬ್ಲಾಕುಗಳು ಬೇರೆ ಇವೆ.

ಯಾವ ಬ್ಲಾಕಿಗೆ ಏನು

ಮೆತ್ತನೆ ಕೊಬ್ಬಿನ ಸಾಮಾನ್ಯ ಬ್ಲಾಕಿಗೆ ಬಲೂನ್ ಮತ್ತು ಔಷಧ ಲೇಪಿಸಿದ ಸ್ಟೆಂಟ್ ಸಾಕು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಸಲ ಎಚ್ಚರವಿದ್ದ ರೋಗಿಯ ಹೃದಯದ ನಾಳದಲ್ಲಿ ಬಲೂನ್ ಉಬ್ಬಿಸಿದರು. ಇವತ್ತಿನ ಆಂಜಿಯೋಪ್ಲಾಸ್ಟಿಗೆ ಅದೇ ಬುನಾದಿ. ಇಂಥ ಬ್ಲಾಕಿಗೆ ಯಾರಾದರೂ ಲೇಸರ್ ಸೇರಿಸೋಣ ಅಂದರೆ, ಯಾಕೆ ಎಂದು ಧೈರ್ಯವಾಗಿ ಕೇಳಿ.

ಗಟ್ಟಿ ಕ್ಯಾಲ್ಸಿಯಂ ಇದ್ದರೆ ಮಾತು ಬೇರೆ. ಬೋರ್‌ವೆಲ್ ನೀರಿನ ಗೀಸರ್ ಒಳಗೆ ಬಿಳಿ ಹೊಪ್ಪಳೆ ಕಟ್ಟುತ್ತದಲ್ಲ, ಹಾಗೆ ನಾಳದ ಗೋಡೆಯಲ್ಲೂ ಕಟ್ಟುತ್ತದೆ. ವಯಸ್ಸಾದವರಲ್ಲಿ, ಹಳೆಯ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಡಯಾಲಿಸಿಸ್ ಮಾಡಿಸುವವರಲ್ಲಿ ಜಾಸ್ತಿ. ಅದನ್ನು ಒಡೆಯದೆ ಸ್ಟೆಂಟ್ ಹಾಕಿದರೆ ಸ್ಟೆಂಟ್ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಮುಂದಿನ ತೊಂದರೆಗಳಲ್ಲಿ ಎಷ್ಟೋ ಅಲ್ಲಿಂದಲೇ ಶುರು. ಇಲ್ಲಿ ಲೇಸರ್ ಅಷ್ಟು ಬಲವಾದ ಆಯ್ಕೆ ಅಲ್ಲ. ಎರಡು ಸಾಧನ ಅದಕ್ಕಿಂತ ಮುಂದಿವೆ.

ಒಂದು ರೋಟಾಬ್ಲೇಟರ್. ವಜ್ರದ ಪುಡಿ ಅಂಟಿಸಿದ ಪುಟ್ಟ ತಲೆ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿನ ಆಸುಪಾಸು ತಿರುಗಿ ಗಟ್ಟಿ ಪದರವನ್ನು ಉಜ್ಜಿ ತೆಗೆಯುತ್ತದೆ. ಹಲ್ಲಿನ ಡಾಕ್ಟರ ಡ್ರಿಲ್ ಥರದ ಸದ್ದು ಬರುತ್ತದೆ. ಆ ಸದ್ದಿನ ಏರಿಳಿತ ಕೇಳಿಯೇ ಒಳಗೆ ಎಷ್ಟು ಬಿಗಿ ಇದೆ ಎಂದು ನಮಗೆ ಗೊತ್ತಾಗುತ್ತದೆ. ಇನ್ನೊಂದು ಷಾಕ್‌ವೇವ್ ಬಲೂನ್. ಕಿಡ್ನಿ ಕಲ್ಲನ್ನು ಅಲೆಗಳಿಂದ ಒಡೆಯುವುದನ್ನು ಕೇಳಿದ್ದೀರಲ್ಲ, ಅದೇ ತತ್ವ. ಬಲೂನನ್ನು ಬರೀ 4 ಅಟ್ಮಾಸ್ಫಿಯರ್‌ಗೆ ಉಬ್ಬಿಸಿ ಅಲೆ ಬಿಡುತ್ತಾರೆ. ಕ್ಯಾಲ್ಸಿಯಂ ಒಳಗೊಳಗೇ ಬಿರುಕು ಬಿಡುತ್ತದೆ, ಮೆತ್ತನೆ ಭಾಗಕ್ಕೆ ಅಷ್ಟಾಗಿ ಪೆಟ್ಟಿಲ್ಲ. ಹೃದಯದ ನಾಳಕ್ಕೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. ಬಳಸುವುದು ಸುಲಭ. ಒಂದೇ ತೊಡಕು, ಆ ಬಲೂನ್ ಬ್ಲಾಕಿನೊಳಗೆ ತೂರಬೇಕು. ತೂರದಿದ್ದರೆ ಮೊದಲು ಡ್ರಿಲ್ ಮಾಡಿ ಆಮೇಲೆ ಅದನ್ನು ಕಳಿಸುವುದೂ ಉಂಟು.

ಇನ್ನು ಲೇಸರ್ ನಿಜವಾಗಿ ಕೈಹಿಡಿಯುವ ಜಾಗಗಳು.

ಮೊದಲನೆಯದು, ವೈರ್ ದಾಟಿದೆ, ಆದರೆ ಅತಿ ಸಣ್ಣ ಬಲೂನೂ ದಾಟುತ್ತಿಲ್ಲ. ಡ್ರಿಲ್ ಹಾಕೋಣ ಅಂದರೆ ಅದಕ್ಕೆ ಅದರದ್ದೇ ಆದ ಕೂದಲಿನಂಥ ತೆಳು ವೈರ್ ಬೇಕು. ಒಳಗಿರುವ ವೈರನ್ನು ತೆಗೆದು ಅದನ್ನು ಕೂರಿಸಲು ಆಗುತ್ತಿಲ್ಲ. ವೈರ್ ಕಳೆದುಕೊಂಡರೆ ಎರಡು ಗಂಟೆಯ ಶ್ರಮ ನೀರುಪಾಲು. ಲೇಸರಿಗೆ ಈ ತಾಪತ್ರಯ ಇಲ್ಲ. ಅದು ಮಾಮೂಲಿ ವೈರಿನ ಮೇಲೇ ಓಡುತ್ತದೆ. ಲೇಸರಿನಿಂದ ಒಂದು ಸಣ್ಣ ದಾರಿ ಮಾಡಿ, ಅದರಲ್ಲಿ ಡ್ರಿಲ್‌ನ ವೈರ್ ಕಳಿಸಿ, ಆಮೇಲೆ ಕೊರೆದದ್ದೂ ಇದೆ. ನನ್ನ ಕಣ್ಣಿಗೆ ಲೇಸರಿನ ದೊಡ್ಡ ಉಪಕಾರ ಇದೇ.

ಎರಡನೆಯದು, ಹಿಂದೆ ಹಾಕಿದ ಸ್ಟೆಂಟ್ ಪೂರ್ತಿ ಬಿಚ್ಚಿಕೊಂಡಿಲ್ಲ. 20 ಅಟ್ಮಾಸ್ಫಿಯರ್, ಅಂದರೆ ಕಾರಿನ ಟೈರಿಗಿಂತ ಒಂಬತ್ತು ಹತ್ತು ಪಟ್ಟು ಒತ್ತಡ ಕೊಟ್ಟರೂ ನಡು ಸಣ್ಣಗೇ ಉಳಿದಿದೆ. ಲೋಹದ ಸ್ಟೆಂಟ್ ಒಳಗೆ ಡ್ರಿಲ್ ಹಾಕಿದರೆ ಲೋಹಕ್ಕೇ ಉಜ್ಜುತ್ತದೆ, ಸಿಕ್ಕಿಕೊಳ್ಳುವ ಭಯವೂ ಇದೆ. ಲೇಸರಿನ ಅಲೆ ಸ್ಟೆಂಟಿನ ಜಾಲರಿಯನ್ನು ದಾಟಿ ಹಿಂದಿರುವ ಗಟ್ಟಿ ಭಾಗವನ್ನು ಸಡಿಲಿಸುತ್ತದೆ. ಸಲೈನ್ ಬಿಟ್ಟೇ ಲೇಸರ್ ಹಾಕಬೇಕು ಎಂದೆನಲ್ಲ, ಇಲ್ಲಿ ನುರಿತ ಡಾಕ್ಟರು ಬೇಕೆಂದೇ ಡೈ ಬಿಟ್ಟು ಆ ಜೋರಾದ ಅಲೆಯನ್ನೇ ಉಪಯೋಗಿಸುತ್ತಾರೆ. ಸ್ಟೆಂಟ್ ಗೋಡೆಯನ್ನು ಕಾಪಾಡುತ್ತಿರುವುದರಿಂದ ಮಾತ್ರ ಹಾಗೆ ಮಾಡಲು ಸಾಧ್ಯ. ಇಂಥ ಸ್ಟೆಂಟಿಗೆ ಈಗ ಷಾಕ್‌ವೇವ್ ಬಲೂನನ್ನೂ ಬಳಸುತ್ತಿದ್ದಾರೆ. ಯಾವುದು ಅನ್ನುವುದು ಡಾಕ್ಟರ ಕೈ ಯಾವುದರಲ್ಲಿ ಪಳಗಿದೆ, ಆಸ್ಪತ್ರೆಯಲ್ಲಿ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ.

ಮೂರನೆಯದು, ಸ್ಟೆಂಟ್ ಚೆನ್ನಾಗಿಯೇ ಇದೆ, ಆದರೆ ಅದರೊಳಗೆ ಮಾಂಸ ಬೆಳೆದು ಮತ್ತೆ ಮುಚ್ಚಿದೆ. ಬಲೂನ್ ಅದನ್ನು ಒತ್ತಿ ಬದಿಗೆ ಸರಿಸುತ್ತದೆ. ಲೇಸರ್ ಒಂದಿಷ್ಟನ್ನು ಅಲ್ಲೇ ಕರಗಿಸಿ ಜಾಗ ಮಾಡುತ್ತದೆ. ಆಮೇಲೆ ಔಷಧ ಲೇಪಿಸಿದ ಬಲೂನ್ ಹಾಕಿದರೆ ಇನ್ನೊಂದು ಪದರ ಲೋಹವನ್ನು ಸೇರಿಸುವುದು ತಪ್ಪುತ್ತದೆ. ಬಾಗಿಲ ಹೊರಗಿನ ಪ್ರಶ್ನೆಗೆ "ಹೌದು, ಸ್ಟೆಂಟ್ ಬೇಡದೇ ಇರಬಹುದು" ಎಂಬ ಉತ್ತರಕ್ಕೆ ಹೆಚ್ಚು ಹತ್ತಿರ ಬರುವುದು ಇಲ್ಲಿ. ಆದರೆ ಔಷಧದ ಬಲೂನ್ ಲೇಸರ್ ಇಲ್ಲದೆಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳೆದ ಮಾಂಸ ತುಂಬಾ ಇದ್ದಾಗ ಲೇಸರ್ ಸೇರಿಸುವ ಯೋಚನೆ ಬರುತ್ತದೆ.

ರಕ್ತ ಹೆಪ್ಪುಗಟ್ಟಿ ತುಂಬಿರುವ ನಾಳದಲ್ಲೂ ಲೇಸರ್ ಬಳಸಿದ್ದಿದೆ. ಆದರೆ ಹಾರ್ಟ್ ಅಟ್ಯಾಕ್ ಆದಾಗ ಕೂತು ಹೋಲಿಸುವ ಹೊತ್ತಲ್ಲ ಅದು. ಹತ್ತಿರದ ಆಸ್ಪತ್ರೆಗೆ ಓಡಬೇಕು. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಇದೆ. ಆ ಮೊದಲ ಗಂಟೆಯ ಇಂಜೆಕ್ಷನ್, ದೂರದ ಊರಿನ ಲೇಸರಿಗಿಂತ ಎಷ್ಟೋ ಮೇಲು.

ಲೇಸರಿನ ಅಪಾಯಗಳು? ನಾಳದ ಒಳಪದರ ಸೀಳಬಹುದು, ಅಪರೂಪಕ್ಕೆ ತೂತಾಗಬಹುದು, ಚೂರು ಕೆಳಗೆ ಹೋಗಿ ಹರಿವು ನಿಧಾನವಾಗಬಹುದು. ಡ್ರಿಲ್‌ಗೂ ಇವೇ ಅಪಾಯಗಳಿವೆ. ತುಂಬಾ ತಿರುವು ಇರುವ ನಾಳದಲ್ಲಿ ಎರಡೂ ಕಷ್ಟ.

ಕಾಲಿನ ನಾಳ

ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಸರಿಹೋಗುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕಾಲಿನ ನಾಳ ಮುಚ್ಚಿದರೆ ಹೀಗಾಗುತ್ತದೆ. ಇಲ್ಲಿ ಲೇಸರಿಗೆ ಹೃದಯಕ್ಕಿಂತ ಒಳ್ಳೆಯ ಪುರಾವೆ ಇದೆ. ತೊಡೆಯ ಸ್ಟೆಂಟ್ ಮತ್ತೆ ಮುಚ್ಚಿದ 250 ರೋಗಿಗಳನ್ನು ಎಕ್ಸೈಟ್ ಐಎಸ್‌ಆರ್ ಎಂಬ ಅಧ್ಯಯನ ನೋಡಿತು. ಆರು ತಿಂಗಳವರೆಗೆ ಮತ್ತೆ ಚಿಕಿತ್ಸೆ ಬೇಕಾಗದೆ ಉಳಿದವರು, ಲೇಸರ್ ಜೊತೆ ಬಲೂನ್ ಮಾಡಿಸಿಕೊಂಡವರಲ್ಲಿ ಶೇ. 73.5, ಬರೀ ಬಲೂನಿನವರಲ್ಲಿ ಶೇ. 51.8. ಸಣ್ಣ ವ್ಯತ್ಯಾಸವಲ್ಲ ಇದು. ಆದರೂ ಗಾಯ, ಕೊಳೆತ ಏನೂ ಇಲ್ಲದೆ ನಡೆಯುವಾಗ ಮಾತ್ರ ನೋವಿದ್ದರೆ, ಮೊದಲು ತಂಬಾಕು ಬಿಟ್ಟು ದಿನವೂ ನಡೆಯುವ ಅಭ್ಯಾಸ, ಮಾತ್ರೆ. ಕಾಲಿನಲ್ಲಿ ವಾಸಿಯಾಗದ ಗಾಯ ಇದ್ದರೆ ಮಾತ್ರ ಒಂದು ವಾರವೂ ಕಾಯಬೇಡಿ.

ತೆರೆಯಲೇಬೇಕಾ?

ಹಾರ್ಟ್ ಅಟ್ಯಾಕ್ ಆಗಿಲ್ಲ, ನಡೆದಾಗ ಮಾತ್ರ ಎದೆ ಹಿಡಿಯುತ್ತದೆ ಅನ್ನುವವರು ಈ ಪ್ರಶ್ನೆಯನ್ನೂ ಕೇಳಬೇಕು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲಿ 5,179 ಜನರಿದ್ದರು. ಅರ್ಧ ಜನರಿಗೆ ಮಾತ್ರೆಯ ಜೊತೆ ಸ್ಟೆಂಟೋ ಬೈಪಾಸೋ ಮಾಡುವ ದಾರಿ, ಇನ್ನರ್ಧಕ್ಕೆ ಮೊದಲು ಬರೀ ಮಾತ್ರೆ. ಮೂರು ವರ್ಷಕ್ಕೂ ಹೆಚ್ಚು ನೋಡಿದರೂ ಸಾವಿನಲ್ಲಿ, ಹಾರ್ಟ್ ಅಟ್ಯಾಕ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಮಾತ್ರ ನಾಳ ತೆರೆಸಿಕೊಂಡವರಿಗೆ ಚೆನ್ನಾಗಿ ಕಡಿಮೆಯಾಯಿತು. ಎಡಗಡೆಯ ಮುಖ್ಯ ನಾಳದಲ್ಲೇ ಬ್ಲಾಕ್ ಇದ್ದವರನ್ನು, ಹೃದಯದ ಪಂಪಿಂಗ್ ತುಂಬಾ ಕುಗ್ಗಿದವರನ್ನು ಇದರಲ್ಲಿ ಸೇರಿಸಿರಲಿಲ್ಲ, ಅದು ನೆನಪಿರಲಿ.

ಸಕ್ಕರೆ ಕಾಯಿಲೆ ಇದ್ದು ಹಲವು ನಾಳ ಮುಚ್ಚಿದ್ದರೆ ಬೈಪಾಸ್ ಕಡೆ ತೂಕ ಜಾಸ್ತಿ. 2012ರ ಫ್ರೀಡಂ ಅಧ್ಯಯನ 1,900 ಜನರಲ್ಲಿ ಇದನ್ನೇ ತೋರಿಸಿತು. ಎದೆ ತೆರೆಯುವ ಭಯಕ್ಕೆ "ಲೇಸರ್‌ನಲ್ಲೇ ಎಲ್ಲ ಮುಗಿಸಿಬಿಡಿ" ಎಂದು ಹಟ ಹಿಡಿಯುವ ಕುಟುಂಬಗಳನ್ನು ನೋಡಿದ್ದೇನೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಮೂರೂ ನಾಳದ ಉದ್ದಕ್ಕೂ ಇರುವ ಕಾಯಿಲೆಗೆ ಲೇಸರ್ ಉತ್ತರ ಅಲ್ಲ.

ಒಪ್ಪಿಗೆಗೆ ಸಹಿ ಹಾಕುವ ಮುಂಚೆ

ಬ್ಲಾಕ್ ಯಾವ ಥರದ್ದು ಎಂದು ಹೇಗೆ ಗೊತ್ತಾಯಿತು ಎಂದು ಕೇಳಿ. ಆಂಜಿಯೋಗ್ರಾಮ್ ಹೊರಗಿನ ನೆರಳನ್ನು ಮಾತ್ರ ತೋರಿಸುತ್ತದೆ. ನಾಳದ ಒಳಗಿಂದಲೇ ಚಿತ್ರ ತೆಗೆಯುವ ಐವಸ್, ಓಸಿಟಿ ಎಂಬ ಎರಡು ವಿಧಾನಗಳಿವೆ. ಕ್ಯಾಲ್ಸಿಯಂ ಎಷ್ಟು ದಪ್ಪ, ಹಳೆಯ ಸ್ಟೆಂಟ್ ಎಷ್ಟು ಬಿಚ್ಚಿದೆ, ಎಲ್ಲ ಅದರಲ್ಲಿ ಕಾಣುತ್ತದೆ. ಲೇಸರ್, ಡ್ರಿಲ್, ಷಾಕ್‌ವೇವ್ ಯಾವುದನ್ನು ಹೇಳಿದರೂ ಈ ಚಿತ್ರ ತೆಗೆದಿದ್ದಾರಾ, ತೆಗೆಯುತ್ತಾರಾ ಎಂದು ವಿಚಾರಿಸಿ. ಡಾಕ್ಟರು ಇಂಥ ಕೇಸುಗಳನ್ನು ಆಗಾಗ ಮಾಡುತ್ತಾರಾ ಎಂದು ಕೇಳುವುದೂ ಅವಮಾನವಲ್ಲ. ಒಳ್ಳೆಯ ಡಾಕ್ಟರು ಬೇಸರಪಡುವುದಿಲ್ಲ.

ದುಡ್ಡಿನ ವಿಷಯ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಔಷಧ ಲೇಪಿಸಿದ್ದಕ್ಕೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260. ಆಮೇಲೆ ಆ ದರ ಆಗಾಗ ಬದಲಾಗಿದೆ. ಆದರೆ ಆ ಆದೇಶ ಸ್ಟೆಂಟಿಗೆ ಮಾತ್ರ. ಲೇಸರ್ ಕ್ಯಾತಿಟರ್, ಡ್ರಿಲ್‌ನ ತಲೆ, ಷಾಕ್‌ವೇವ್ ಬಲೂನ್ ಇವುಗಳ ಖರ್ಚು ಬಿಲ್‌ನಲ್ಲಿ ಬೇರೆಯೇ ಬರುತ್ತದೆ, ಜಾಸ್ತಿಯೇ ಬರುತ್ತದೆ. ಮುಂಚೆಯೇ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಹೋಗಿ, ಯಾವ ಸಾಧನದ ಖರ್ಚು ಯೋಜನೆಯಲ್ಲಿ ಸೇರುತ್ತದೆ, ಯಾವುದು ಸೇರಲ್ಲ ಎಂದು ಹೆಸರು ಹಿಡಿದು ಕೇಳಿ.

ಹಳೆಯ ಸ್ಟೆಂಟ್ ಇದ್ದವರು ಅದರ ಕಾರ್ಡ್, ಹಳೆಯ ಆಂಜಿಯೋಗ್ರಾಮ್ ಸಿಡಿ, ಡಿಸ್ಚಾರ್ಜ್ ಚೀಟಿ ಮೂರನ್ನೂ ಒಂದೇ ಕವರಿನಲ್ಲಿಟ್ಟು ತನ್ನಿ. ಯಾವ ಅಳತೆಯ ಸ್ಟೆಂಟ್, ಯಾವ ವರ್ಷ, ಎಲ್ಲಿ ಹಾಕಿದ್ದು ಎಂದು ಗೊತ್ತಿದ್ದರೆ ಎಷ್ಟು ಅಗಲದ ಬಲೂನ್, ಯಾವ ಸೈಜಿನ ಲೇಸರ್ ಕ್ಯಾತಿಟರ್ ಎಂದು ರೋಗಿ ಮೇಜಿನ ಮೇಲೆ ಮಲಗುವ ಮೊದಲೇ ನಾವು ತೆಗೆದಿಟ್ಟಿರುತ್ತೇವೆ.